ಕೈ ಎತ್ತಿದವರನ್ನು ಕಾಯಿಸಬಾರದು

ನನ್ನ ರಜೆ ಭಾನುವಾರ, ನನ್ನ ಗಂಡನ ರಜೆ ಮಂಗಳವಾರ. ಮೂವತ್ತು ವರ್ಷ ನಮ್ಮ ಸಂಸಾರ ಹೀಗೇ ನಡೆಯಿತು. ನಾನು ಡೊಂಬಿವಲಿಯ ಒಂದು ಶಾಲೆಯ ಕಚೇರಿಯಲ್ಲಿ ಗುಮಾಸ್ತೆ. ಅವರು ಥಾಣೆ ಸ್ಟೇಷನ್ನಿನ ಹತ್ತಿರದ ಒಂದು ಬಾರಿನಲ್ಲಿ ಮೊದಲು ವೇಟರ್, ಆಮೇಲೆ ಕ್ಯಾಪ್ಟನ್, ಕೊನೆಗೆ ಮ್ಯಾನೇಜರ್. ಮಂಗಳವಾರ ಗಣಪತಿಯ ವಾರವೆಂದು ಇಲ್ಲಿ ಬಹಳ ಜನ ಕುಡಿಯುವುದಿಲ್ಲ, ಮೀನು ಮುಟ್ಟುವುದಿಲ್ಲ. ಬಾರು ಖಾಲಿ ಹೊಡೆಯುವುದರಿಂದ ಅವತ್ತು ಇವರಿಗೆ ಬಿಡುವು. ಶನಿವಾರ, ಭಾನುವಾರ ಊರೆಲ್ಲ ಹೊರಗೆ ಹೋಗಿ ಉಣ್ಣುವ ದಿನ, ಬಡಿಸುವವರಿಗೆ ಉಸಿರಾಡಲೂ ಪುರುಸೊತ್ತಿಲ್ಲದ ದಿನ. ಮಗಳು ಸಣ್ಣವಳಿದ್ದಾಗ ಅವಳ ಶಾಲೆಯ ಚಿತ್ರಪುಸ್ತಕದಲ್ಲಿ ‘ನಮ್ಮ ಕುಟುಂಬ’ ಎಂದು ಬರೆದು ನನ್ನನ್ನೂ ತನ್ನನ್ನೂ ಬಿಡಿಸಿ, ಅಪ್ಪನ ಜಾಗದಲ್ಲಿ ಕ್ಯಾಲೆಂಡರ್ ಬಿಡಿಸಿದ್ದಳು. ನಾವು ಆಗ ನಕ್ಕೆವು. ಆಮೇಲೆ ನಾನೊಬ್ಬಳೇ ಅತ್ತೆ.

ಮದುವೆಯ ಹೊತ್ತಿನಲ್ಲಿ ಕುಂದಾಪುರ ಕಡೆಯ ನಮ್ಮ ಮನೆಯವರಿಗೆ ಹುಡುಗ ಬೊಂಬಾಯಿಯಲ್ಲಿ ಹೋಟೆಲಿನಲ್ಲಿದ್ದಾನೆ ಎಂದಷ್ಟೇ ಹೇಳಿದ್ದರು. ಅದು ಸುಳ್ಳೇನಲ್ಲ. ಬೋರ್ಡಿನಲ್ಲಿ ‘ಫ್ಯಾಮಿಲಿ ರೆಸ್ಟೋರೆಂಟ್’ ಎಂದು ದೊಡ್ಡದಾಗಿ, ಅದರ ಕೆಳಗೆ ‘ಪರ್ಮಿಟ್ ರೂಮ್’, ಅಂದರೆ ಕುಡಿಯುವ ಜಾಗ, ಎಂದು ಸಣ್ಣದಾಗಿ ಇತ್ತು. ನಮ್ಮವರು ದೊಡ್ಡ ಅಕ್ಷರ ಮಾತ್ರ ಓದಿದರು. ಇವರು ಒಂದು ಹನಿ ಕುಡಿದವರಲ್ಲ. ಆದರೂ ಅಂಗಿ ಮಾತ್ರ ದಿನವೂ ಕುಡಿದು ಬರುತ್ತಿತ್ತು. ಸೋಡಾ, ಸಿಗರೇಟು, ಹುರಿದ ಬೆಳ್ಳುಳ್ಳಿ, ರಮ್ಮು ಎಲ್ಲವೂ ಸೇರಿದ ಆ ವಾಸನೆಗೆ ಮೊದಲ ವರ್ಷ ನನಗೆ ಓಕರಿಕೆ ಬರುತ್ತಿತ್ತು. ಆಮೇಲಾಮೇಲೆ ಅವರು ಊರಿಗೆ ಹೋದಾಗ ಆ ಅಂಗಿಯೊಂದನ್ನು ಒಗೆಯದೆ ಇಟ್ಟುಕೊಳ್ಳುತ್ತಿದ್ದೆ. ಇದನ್ನು ಅವರಿಗೆ ಇವತ್ತಿಗೂ ಹೇಳಿಲ್ಲ.

ಬಾರಿನಲ್ಲಿ ದುಡಿಯುವ ಗಂಡಸರ ಹೆಂಡಂದಿರು ಬಾರಿನ ಮೆಟ್ಟಿಲು ಹತ್ತುವುದಿಲ್ಲ. ಹಾಗೆಂದು ಯಾರೂ ಬರೆದಿಟ್ಟಿಲ್ಲ. ಬೇರೆಯವರ ಹೆಂಡತಿ ಮಕ್ಕಳು ಫ್ಯಾಮಿಲಿ ಸೆಕ್ಷನ್ನಿನಲ್ಲಿ ಕೂತು ಧಾರಾಳವಾಗಿ ತಿಂದು ಹೋಗುತ್ತಾರೆ. ನಮ್ಮವರ ಮನೆಯ ಹೆಂಗಸರು ಮಾತ್ರ ಹೋಗುವುದಿಲ್ಲ, ಅಷ್ಟೇ. ನಾನು ಒಂದೇ ಒಂದು ಸಲ ಆ ಬೀದಿಯವರೆಗೆ ಹೋಗಿದ್ದೆ. ಊರಿನಿಂದ ಅತ್ತೆ ತೀರಿಕೊಂಡ ಸುದ್ದಿ ಬಂದ ಮಧ್ಯಾಹ್ನ ಬಾರಿನ ಫೋನು ಕೆಟ್ಟಿತ್ತು. ಮಗಳನ್ನು ಪಕ್ಕದ ಮನೆಯಲ್ಲಿ ಬಿಟ್ಟು ಲೋಕಲ್ ಹಿಡಿದು ಥಾಣೆಗೆ ಹೋದೆ. ಹೋದವಳು ಎದುರಿನ ಪಾನ್ ಅಂಗಡಿಯ ಹತ್ತಿರ ನಿಂತು ವಾಚ್‌ಮನ್ ಕೈಯಲ್ಲಿ ಹೇಳಿ ಕಳಿಸಿದೆ. ಇವರು ಕೈ ಒರೆಸಿಕೊಳ್ಳುತ್ತ ಹೊರಗೆ ಬಂದರು. ನನ್ನನ್ನು ಅಲ್ಲಿ ಕಂಡ ಕೂಡಲೇ ಅವರಿಗೆ ಗೊತ್ತಾಯಿತು, ನಾನು ಬಾಯಿ ಬಿಡಬೇಕಾಗಲಿಲ್ಲ. ಒಳಗಿದ್ದ ಗಿರಾಕಿಯ ಆರ್ಡರ್ ಬೇರೆಯವನಿಗೆ ಒಪ್ಪಿಸಿಯೇ ಅವರು ನನ್ನ ಜೊತೆ ಬಂದದ್ದು.

ಕಳೆದ ವರ್ಷ ನವರಾತ್ರಿ ಮುಗಿದ ಮೇಲೆ ಬಾರು ಮುಚ್ಚಿತು. ಹಳೆಯ ಧಣಿ ಕೈಬಿಟ್ಟು, ಅವರ ಮಗ ಅದನ್ನು ಪಬ್ ಮಾಡುವುದೆಂದಾಯಿತು. ಇವರು ಮನೆಯಲ್ಲಿ ಕೂತರು. ಕೂತರು ಎನ್ನುವುದು ಮಾತಿಗೆ ಮಾತ್ರ, ಅವರಿಗೆ ಕೂರಲು ಬರುವುದಿಲ್ಲ. ಊಟಕ್ಕೆ ಬನ್ನಿ ಎಂದರೆ ಅಡುಗೆಮನೆಯ ಕಟ್ಟೆಗೆ ಒರಗಿ ನಿಂತು ಐದು ನಿಮಿಷದಲ್ಲಿ ಉಂಡು ತಟ್ಟೆ ತೊಳೆದಿಡುತ್ತಾರೆ. ಹೋಟೆಲಿನವರು ಎಲ್ಲರದ್ದೂ ಆದ ಮೇಲೆ, ನಿಂತುಕೊಂಡು, ಯಾರಾದರೂ ಕರೆಯುವ ಮೊದಲು ಉಣ್ಣಬೇಕು. ಹುಟ್ಟು ಗುಣ ಸುಟ್ಟರೂ ಹೋಗದು ಎನ್ನುತ್ತಾರೆ, ಹೋಟೆಲಿನ ಗುಣವೂ ಹಾಗೆಯೇ. ಆದರೂ ನನಗೆ ಸಂತೋಷವೇ ಆಗಿತ್ತು. ಇನ್ನು ಈ ಮನುಷ್ಯ ನನ್ನವನು, ನಿಧಾನವಾಗಿ ಕೂರುವುದನ್ನು ಕಲಿಸಿದರಾಯಿತು ಎಂದುಕೊಂಡಿದ್ದೆ.

ಫೆಬ್ರವರಿಯಲ್ಲಿ ಧಣಿಯ ಮಗನ ಫೋನು ಬಂತು. ಪಬ್ಬು ಶುರುವಾಗಿದೆ, ಹೊಸ ಹುಡುಗರಿಗೆ ಗಿರಾಕಿಯ ಮುಖ ಓದಲು ಬರುವುದಿಲ್ಲ, ನೀವು ಬಂದು ನೋಡಿಕೊಳ್ಳಿ, ಸೋಮವಾರದ ಒಳಗೆ ಉತ್ತರ ಹೇಳಿ ಎಂದ. ಇವರು ಯೋಚಿಸಿ ಹೇಳುತ್ತೇನೆ ಎಂದು ಫೋನಿಟ್ಟರು. ಇಟ್ಟವರು ಬೀರು ತೆಗೆದು ಕಪ್ಪು ಪ್ಯಾಂಟು ಇನ್ನೂ ಹಿಡಿಸುತ್ತದೆಯೇ ಎಂದು ಸೊಂಟಕ್ಕೆ ಹಿಡಿದು ನೋಡಿಕೊಂಡರು.

ವಾಶಿಯ ಪಕ್ಕದ ಸಾನಪಾಡಾದಲ್ಲಿರುವ ಮಗಳಿಗೆ ಹೇಳಿಕೊಂಡೆ. ಅವಳು ನಮ್ಮ ಮದುವೆಗೆ ಮೂವತ್ತು ತುಂಬಿದ ನೆಪ ಹಿಡಿದು ವಾಶಿಯಲ್ಲಿ ಒಂದು ರಾತ್ರಿಗೆ ಹೋಟೆಲ್ ರೂಮು ಮಾಡಿಕೊಟ್ಟಳು. ಶನಿವಾರ, ಭಾನುವಾರ ತಿರುಗಿ, ತಿನ್ನಿ, ಪಬ್ಬಿಗೂ ಹೋಗೋಣ ಎಂದಳು. ಕಲ್ಯಾಣ, ವಾಶಿ, ಥಾಣೆ ನಾವು ಮೂವತ್ತು ವರ್ಷದಿಂದ ಓಡಾಡುವ ಊರುಗಳು. ಆದರೆ ಸ್ಟೇಷನ್, ಆಸ್ಪತ್ರೆ, ಮದುವೆ ಹಾಲ್ ಬಿಟ್ಟರೆ ಏನೂ ಕಂಡವಳಲ್ಲ ನಾನು. ಎರಡೇ ದಿನದಲ್ಲಿ ಗಿರಾಕಿಯಾಗಿ ಕೂರುವ ರುಚಿ ಹತ್ತಿಸಿಬಿಟ್ಟರೆ ಸೋಮವಾರ ಇವರೇ ‘ಬೇಡ’ ಎನ್ನುತ್ತಾರೆ ಎಂಬುದು ನನ್ನ ಲೆಕ್ಕ.

ಶನಿವಾರ ಬೆಳಿಗ್ಗೆ ಮೊದಲು ಕಲ್ಯಾಣಕ್ಕೆ. ಡೊಂಬಿವಲಿ ಸ್ಟೇಷನ್ನಿನಲ್ಲಿ ಇವರ ಕಾಲು ತನ್ನಷ್ಟಕ್ಕೆ ಥಾಣೆಯ ಗಾಡಿ ಬರುವ ಪ್ಲಾಟ್‌ಫಾರ್ಮಿನ ಕಡೆಗೇ ಹೋಯಿತು, ತೋಳು ಹಿಡಿದು ತಿರುಗಿಸಿದೆ. ದುರ್ಗಾಡಿ ಕೋಟೆಯ ಮೇಲೆ ಹತ್ತಿ ನಿಂತರೆ ಕೆಳಗೆ ಸಮುದ್ರದ ನೀರು ನುಗ್ಗುವ ಖಾಡಿ, ಸೇತುವೆ, ಸೇತುವೆಯ ಮೇಲೆ ಭಿವಂಡಿಗೆ ಹೋಗುವ ಲಾರಿಗಳ ಸಾಲು. ಗಾಳಿ ಚೆನ್ನಾಗಿತ್ತು. ದೇವಿಗೆ ಕೈಮುಗಿದು ಇಳಿದು, ಪೇಟೆಯ ಒಂದು ಹಳೆಯ ಅಂಗಡಿಯಲ್ಲಿ ಮೊಳಕೆಕಾಳಿನ ಮಿಸಳ ತಿನ್ನಲು ಹೋದೆವು. ಮೂಗು, ಕಣ್ಣು ಎರಡರಲ್ಲೂ ನೀರು ಬರಿಸುವ ಖಾರ. ನಾನು ಎರಡನೆಯ ಪಾವ್ ಮುರಿಯುವ ಹೊತ್ತಿಗೆ ಇವರ ತಟ್ಟೆ ಖಾಲಿ. ತಲೆ ಎತ್ತಿದರೆ ಮನುಷ್ಯನೂ ಇಲ್ಲ. ತಟ್ಟೆ ಎತ್ತಿಕೊಂಡು ತೊಳೆಯುವ ಜಾಗಕ್ಕೆ ಹೊರಟಿದ್ದರು. ಅಂಗಡಿಯವನು ಗಾಬರಿಯಾಗಿ ಕಸಿದುಕೊಂಡ. ವಾಪಸು ಬಂದು ಟೇಬಲಿನ ಮೇಲಿದ್ದ ನೀರಿನ ಕಲೆಯನ್ನು ಕರವಸ್ತ್ರದಿಂದ ಒರೆಸಿದರು. ಮೊದಲ ದಿನದ ಮೊದಲ ಊಟ, ಹೋಗಲಿ ಎಂದು ಬಿಟ್ಟೆ.

ಮಧ್ಯಾಹ್ನ ಥಾಣೆಯಲ್ಲಿ ಗಾಡಿ ಬದಲಿಸಿ ವಾಶಿಗೆ ಬಂದೆವು. ಥಾಣೆ ಸ್ಟೇಷನ್ನಿನ ಸೇತುವೆಯ ಮೇಲೆ ಇವರು ಬಾರು ಇರುವ ಪಶ್ಚಿಮದ ಕಡೆಗೆ ಒಂದು ಸಲ ನೋಡಿದರು. ನಾನು ನೋಡದವಳ ಹಾಗೆ ಬ್ಯಾಗು ಸರಿಮಾಡಿಕೊಂಡೆ. ರೂಮಿನಲ್ಲಿ ಹಾಸಿಗೆಯ ಬಿಳಿ ಚಾದರ ಕಂಡು ಇವರು ಕೂರಲು ಸಂಕೋಚಪಟ್ಟರು. ನಾನು ಮಾತ್ರ ಚಪ್ಪಲಿ ಬಿಟ್ಟವಳೇ ಅಡ್ಡಾದೆ.

ಸಂಜೆ ಆರಕ್ಕೆ ಮಗಳು ಬಂದು ಪಾಮ್ ಬೀಚ್ ರಸ್ತೆಯ ಕಡೆಯ ಒಂದು ಪಬ್ಬಿಗೆ ಕರೆದುಕೊಂಡು ಹೋದಳು. ಅಲ್ಲೇ ಬಿಯರ್ ಮಾಡುತ್ತಾರಂತೆ. ಗಾಜಿನ ಹಿಂದೆ ತಾಮ್ರದ ದೊಡ್ಡ ಹಂಡೆಗಳು. ನಮ್ಮ ಊರಿನ ಬಚ್ಚಲಿನ ಹಂಡೆಗೆ ಪಾಲಿಶ್ ಮಾಡಿದರೆ ಹೀಗೇ ಕಾಣುತ್ತದೆ ಎಂದೆ. ಮಗಳು ‘ಅಮ್ಮಾ, ಧೀರೇ ಬೋಲೋ’ ಎಂದು ಮೆಲ್ಲಗೆ ಮಾತಾಡಲು ಹೇಳಿದಳು. ಇವರು ಗೋಡೆಗೆ ಬೆನ್ನು ಕೊಟ್ಟು, ಬಾಗಿಲೂ ಎಲ್ಲ ಟೇಬಲುಗಳೂ ಕಾಣುವ ಕುರ್ಚಿ ಆರಿಸಿದರು. ಕೂತದ್ದೂ ಕುರ್ಚಿಯ ತುದಿಯಲ್ಲಿ. ಅವರಿಗೆ ಲಿಂಬು ಸೋಡಾ, ಮಗಳಿಗೆ ಬಿಯರು. ನಾನೂ ಅವಳ ಗ್ಲಾಸಿನಿಂದ ಒಂದು ಗುಟುಕು ಕುಡಿದೆ. ಬೇವಿನ ಕಷಾಯಕ್ಕೆ ನೊರೆ ಬರಿಸಿದ ಹಾಗಿತ್ತು. ಇದೇ ಏನು ಮೂವತ್ತು ವರ್ಷ ನನ್ನ ಗಂಡನನ್ನು ಹಿಡಿದಿಟ್ಟುಕೊಂಡದ್ದು ಎಂದು ನಿಜವಾಗಿಯೂ ಸಿಟ್ಟು ಬಂತು.

ಆದರೂ ಆ ಸಂಜೆ ಚೆನ್ನಾಗಿಯೇ ನಡೆಯುತ್ತಿತ್ತು. ಮಗಳು ತನ್ನ ಆಫೀಸಿನ ಕಥೆ ಹೇಳುತ್ತಿದ್ದಳು, ಇವರು ನಗುತ್ತಿದ್ದರು. ಅಷ್ಟರಲ್ಲಿ ಎರಡು ಟೇಬಲ್ ಆಚೆಯ ಒಬ್ಬ ಕೈ ಎತ್ತಿದ. ಇವರು ಎದ್ದರು. ನಾವಿಬ್ಬರೂ ಬಾತ್‌ರೂಮಿಗೇನೋ ಎಂದುಕೊಂಡೆವು. ಇವರು ನೆಟ್ಟಗೆ ಆ ಟೇಬಲಿಗೆ ಹೋಗಿ, ಎರಡೂ ಕೈ ಹಿಂದಕ್ಕೆ ಕಟ್ಟಿ, ಸ್ವಲ್ಪ ಬಾಗಿ ನಿಂತರು. ಆ ಮನುಷ್ಯ ಏನೋ ಹೇಳಿದ, ಇವರು ತಲೆಯಾಡಿಸಿದರು. ಖಾಲಿ ಗ್ಲಾಸುಗಳನ್ನು ಒಂದೇ ಕೈಯಲ್ಲಿ ಗುಚ್ಛದ ಹಾಗೆ ಎತ್ತಿಕೊಂಡು ಬಾರ್ ಕೌಂಟರಿಗೆ ಹೋಗಿ ಅದೇನೋ ಒಪ್ಪಿಸಿದರು. ಅಲ್ಲಿದ್ದವನು ಕಕ್ಕಾಬಿಕ್ಕಿಯಾಗಿ ನೋಡಿದಾಗಲೇ ಇವರಿಗೆ ತಾನು ಎಲ್ಲಿದ್ದೇನೆ ಎಂಬುದು ನೆನಪಾದದ್ದು. ಮಗಳು ಮುಖಕ್ಕೆ ಮೆನು ಹಿಡಿದಿದ್ದಳು. ನನಗೆ ಮೊದಲು ನಗು ಬಂತು. ಕಣ್ಣಲ್ಲಿ ನೀರು ಬರುವಷ್ಟು ನಕ್ಕೆ. ನಕ್ಕು ಮುಗಿಯುವುದರೊಳಗೆ ಸಿಟ್ಟು ಬಂತು.

“ಹ್ವಾಯ್, ನೀವ್ ಇಲ್ ಗಿರಾಕಿ, ಗೊತ್ತಾಯ್ತಾ?” ಎಂದೆ.

ಇವರು ಒದ್ದೆ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು ಕೂತರು. ಮುಖ ಸಣ್ಣದಾಗಿತ್ತು. “ಅವ್ರ್ ಕೈ ಎತ್ತಿರ್ ಮಾರಾಯ್ತಿ. ಯಾರೂ ಕಾಣ್ಲಿಲ್ಲ. ಕೈ ಎತ್ತಿದರ್ನ ಕಾಯ್ಸೂಕಾಗ.”

ಹೇಳಬೇಕಾದ್ದು ಬಹಳ ಇತ್ತು, ಮಗಳ ಎದುರು ಬೇಡವೆನಿಸಿತು. ರೂಮಿಗೆ ಬಂದ ಮೇಲೆ ಬೆನ್ನು ಹಾಕಿ ಮಲಗಿದೆ.

ಭಾನುವಾರ ಬೆಳಿಗ್ಗೆ ಖಾಡಿಯ ದಂಡೆಗೆ ಫ್ಲೆಮಿಂಗೊ ನೋಡಲು ಹೋದೆವು. ಕೆಸರಿನಲ್ಲಿ ಸಾವಿರಾರು ಗುಲಾಬಿ ಹಕ್ಕಿಗಳು, ಎಲ್ಲವೂ ತಲೆ ಬಗ್ಗಿಸಿ ತಿನ್ನುವುದೇ ಕೆಲಸ. ನನ್ನ ಸಿಟ್ಟು ಅರ್ಧ ಅಲ್ಲೇ ಇಳಿಯಿತು. ಇವು ಕೂಡ ನಿಂತುಕೊಂಡೇ ಉಣ್ಣುತ್ತವೆ ನೋಡಿ, ನಿಮ್ಮ ಜಾತಿಯವು ಎಂದೆ. ಇವರು ಬೆಳಗಿನಿಂದ ಮೊದಲ ಸಲ ನಕ್ಕರು. ಮಧ್ಯಾಹ್ನ ವಾಶಿಯಲ್ಲಿ ನಮ್ಮ ಕಡೆಯವರ ಮೀನಿನ ಹೋಟೆಲಿಗೆ ಹೋದರೆ, ವೇಟರ್ ಇವರನ್ನು ಒಂದು ಗಳಿಗೆ ನೋಡಿದ. ಬಂಗಡೆ ಎಂದು ನಾನು ಬಾಯಿ ತೆರೆಯುವಷ್ಟರಲ್ಲಿ ಇವರ ಕಿವಿಯ ಹತ್ತಿರ ಬಗ್ಗಿ, “ಅಣ್ಣ, ಬಂಗ್ಡಿ ಬ್ಯಾಡ. ಇವತ್ ಕಾಣಿ ಲಾಯ್ಕ್ ಇತ್ತ್” ಎಂದ. ನಿಮ್ಮ ಗುರುತು ಅವನಿಗೆ ಹೇಗೆ ಎಂದು ಕೇಳಿದೆ. ಗುರುತಿಲ್ಲ, ನಾನು ಕೂತದ್ದು ನೋಡಿ ಹೋಟೆಲಿನವನೆಂದು ಗೊತ್ತಾಗಿರಬೇಕು ಎಂದರು. ಇವರ ಮುಖದಲ್ಲಿ ಎಂಥ ಗೆಲುವಿತ್ತೆಂದರೆ, ಎರಡು ಊರು ತಿರುಗಿಸಿ ನಾನು ಕೊಡಲಾಗದ್ದನ್ನು ಆ ವೇಟರ್ ಒಂದು ಮಾತಿನಲ್ಲಿ ಕೊಟ್ಟಿದ್ದ. ಕಾಣೆ ಮೀನು ನಿಜಕ್ಕೂ ಚೆನ್ನಾಗಿತ್ತು. ಇವರು ಐದು ನಿಮಿಷದಲ್ಲಿ ಮುಗಿಸಿ ಕೈ ತೊಳೆಯಲು ಎದ್ದರು, ನಾನು ಮುಳ್ಳು ಬಿಡಿಸುತ್ತ ಒಬ್ಬಳೇ ಉಂಡೆ.

ಹಾಗೆ ಒಬ್ಬಳೇ ಉಣ್ಣುವಾಗ ನನಗೆ ಒಂದು ಯೋಚನೆ ಬಂತು. ಈ ಮನುಷ್ಯನನ್ನು ಇಷ್ಟು ಗಟ್ಟಿಯಾಗಿ ಹಿಡಿದಿರುವ ಜಾಗವನ್ನು ನಾನು ಇವತ್ತಿನವರೆಗೆ ಒಳಗಿನಿಂದ ನೋಡಿಯೇ ಇಲ್ಲ. ಸವತಿಯ ಮುಖವನ್ನಾದರೂ ಒಮ್ಮೆ ನೋಡಬೇಡವೇ? ಥಾಣೆಗೆ ಹೋಗೋಣ, ನಿಮ್ಮ ಬಾರು ತೋರಿಸಿ ಎಂದೆ. ಅವರು ಬೇಡವೆಂದರು. ಪಬ್ಬಾಗಿದೆ, ಈಗ ಯಾರ ಹೆಂಡತಿ ಬೇಕಾದರೂ ಬರಬಹುದು ಎಂದು ನಾನೇ ತೀರ್ಮಾನಿಸಿದೆ.

ನಾಲ್ಕು ಗಂಟೆಗೆ ತಲಾವ್ ಪಾಳಿಯ ಕೆರೆಗೆ ಒಂದು ಸುತ್ತು ಹಾಕಿ, ಆ ಬೀದಿಗೆ ಬಂದೆವು. ಪಾನ್ ಅಂಗಡಿ ಹಾಗೇ ಇತ್ತು. ನಾನು ಅಲ್ಲಿ ಒಂದು ಕ್ಷಣ ನಿಂತೆ. ಆಮೇಲೆ ಸೆರಗು ಸರಿಮಾಡಿಕೊಂಡು ಮೂರು ಮೆಟ್ಟಿಲು ಹತ್ತಿದೆ. ಒಳಗೆ ಅರ್ಧ ಖಾಲಿ. ಇಟ್ಟಿಗೆಯ ಗೋಡೆ, ನೇತಾಡುವ ಬಲ್ಬುಗಳು, ಕೌಂಟರಿನ ಮುಂದೆ ಎತ್ತರದ ಕಬ್ಬಿಣದ ಸ್ಟೂಲುಗಳು. ಹುಡುಗರಿಗೆ ಇವರ ಗುರುತಿಲ್ಲ. ಇವರು ಮೆಲ್ಲಗೆ ಇಲ್ಲಿ ಗಲ್ಲಾಪೆಟ್ಟಿಗೆ ಇತ್ತು, ಇಲ್ಲಿ ಏಳನೇ ನಂಬರ್ ಟೇಬಲ್ಲು, ಈ ಕಂಬಕ್ಕೆ ಒರಗಿದರೆ ಇಡೀ ಹಾಲು ಕಾಣುತ್ತಿತ್ತು ಎಂದು ತೋರಿಸುತ್ತ ಹೋದರು. ಮೂವತ್ತು ವರ್ಷ ನಿಂತ ಜಾಗ ಒಂದು ಕಂಬ. ಅದಕ್ಕೆ ಈಗ ಕಪ್ಪು ಬಣ್ಣ ಬಳಿದಿದ್ದರು. ಇವರು ಅದನ್ನು ಅಂಗೈಯಿಂದ ಒಮ್ಮೆ ಸವರಿದರು, ನನಗೆ ಅವರ ಮೇಲೆ ಬಹಳ ಪ್ರೀತಿ ಬಂತು.

ಕೂತೆವು. ಇವರು ಎಂದಿನಂತೆ ಗೋಡೆಗೆ ಬೆನ್ನು ಕೊಟ್ಟು ಹಾಲಿನ ಕಡೆಗೆ ಮುಖ ಮಾಡಿದರು. ನಾನು ಎದುರಿಗೆ. ಹುರಿದ ಮೀನು ಹೇಳಿದೆವು. ಆಚೆ ಕಿಟಕಿಯ ಹತ್ತಿರ ಒಬ್ಬರು ವಯಸ್ಸಾದವರು, ಮರಾಠಿಯವರು, ಟೋಪಿ ತೆಗೆದು ಟೇಬಲಿನ ಮೇಲಿಟ್ಟುಕೊಂಡು ಒಬ್ಬರೇ ಕೂತಿದ್ದರು. ಇಲ್ಲಿ ಮೆನು ಕಾರ್ಡೇ ಇಲ್ಲ, ಟೇಬಲಿಗೆ ಅಂಟಿಸಿದ ಚೌಕಕ್ಕೆ ಫೋನು ಹಿಡಿದರೆ ಅದರೊಳಗೆ ಬರುತ್ತದೆ. ಅವರು ಫೋನನ್ನು ಹತ್ತಿರ, ದೂರ, ಓರೆ, ಎಲ್ಲ ಹಿಡಿದು ನೋಡಿದರು. ಕೊನೆಗೆ ಕೈ ಎತ್ತಿದರು. ಹುಡುಗರು ಕೌಂಟರಿನ ಹತ್ತಿರ ಗುಂಪಾಗಿ ಏನೋ ನೋಡುತ್ತಿದ್ದರು. ಆ ಕೈ ಹಾಗೇ ಮೇಲಿತ್ತು.

ಇವರು ಕುರ್ಚಿಯ ಹಿಡಿಯನ್ನು ಬಿಗಿಯಾಗಿ ಹಿಡಿದಿದ್ದರು. ಆ ಮುದುಕರನ್ನು ನೋಡಿದರು, ನನ್ನನ್ನು ನೋಡಿದರು. ನಿನ್ನೆಯ ಮಾತಿಗೆ ಕಟ್ಟುಬಿದ್ದು ಏಳದೆ ಕೂತ ಆ ಮುಖವನ್ನು ನೋಡಲು ನನ್ನಿಂದಾಗಲಿಲ್ಲ.

“ಹೋಯಿ ಬನ್ನಿ,” ಎಂದೆ. “ಕೈ ಎತ್ತಿರ್ ಅಲ್ದಾ.”

ಹೋದರು. ಮುದುಕರು ತಲೆ ಎತ್ತಿ ನೋಡಿದವರು ಎರಡೂ ಕೈಯಲ್ಲಿ ಇವರ ಕೈ ಹಿಡಿದುಕೊಂಡರು. ಪ್ರತಿ ಭಾನುವಾರದ ಹಳೆಯ ಗಿರಾಕಿ. ಇವರು ಏನನ್ನೂ ಕೇಳದೆಯೇ ಕೌಂಟರಿಗೆ ಹೋಗಿ, ತಾನು ಇಲ್ಲಿನ ಹಳೆಯ ಮ್ಯಾನೇಜರ್ ಎಂದು ತಿಳಿಸಿ, ಏನು ಕೊಡಬೇಕು, ಎಷ್ಟು ತಣ್ಣಗಿರಬೇಕು, ಪಾಪಡ್‌ಗೆ ಈರುಳ್ಳಿ ಬೇಡ ಎಂದು ಹುಡುಗರಿಗೆ ಹೇಳಿದರು. ಆಮೇಲೆ ನನ್ನನ್ನು ತೋರಿಸಿ ಏನೋ ಅಂದರು. ಮುದುಕರು ಎದ್ದು, ನಿಧಾನವಾಗಿ ನನ್ನ ಟೇಬಲಿನವರೆಗೆ ಬಂದು, ಕೈಮುಗಿದರು.

“ವಹಿನೀ, ಗುಡಘಾ ಕಸಾ ಆಹೆ ಆತಾ?”

ಅತ್ತಿಗೆ, ಮಂಡಿ ಈಗ ಹೇಗಿದೆ ಎಂದು ಕೇಳಿದ್ದರು. ನನ್ನ ಮಂಡಿಯ ಆಪರೇಷನ್ ಆಗಿ ನಾಲ್ಕು ವರ್ಷ. ನಾನು ಜನ್ಮದಲ್ಲಿ ಕಾಣದ ಒಬ್ಬ ಮನುಷ್ಯನಿಗೆ ಅದು ಗೊತ್ತಿತ್ತು. ಮಗಳ ಹತ್ತನೆಯ ಕ್ಲಾಸಿನ ಮಾರ್ಕು ಗೊತ್ತಿತ್ತು. ನಾನು ಶ್ರಾವಣದಲ್ಲಿ ಮಾಡುವ ಪತ್ರೊಡೆಯನ್ನು ಇವರು ಡಬ್ಬಿಯಲ್ಲಿ ತಂದು ಕೊಟ್ಟದ್ದನ್ನು ಅವರು ತಿಂದಿದ್ದರು. ನಾನು ಮೂವತ್ತು ವರ್ಷ ಆಚೆಯ ಪಾನ್ ಅಂಗಡಿಯ ಹತ್ತಿರವೇ ನಿಂತಿದ್ದೇನೆ ಎಂದುಕೊಂಡಿದ್ದೆ. ನನ್ನ ಗಂಡ ದಿನವೂ ನನ್ನನ್ನು ಒಳಗೆ ಕರೆದುಕೊಂಡು ಬಂದಿದ್ದರು. ಬರಾ ಆಹೆ, ಚೆನ್ನಾಗಿದೆ ಎಂದಷ್ಟೇ ಹೇಳಿದೆ.

ಅಷ್ಟರಲ್ಲಿ ಮೀನು ಬಂತು. ಇವರು ಬರಲಿಲ್ಲ. ಮುದುಕರನ್ನು ಅವರ ಜಾಗಕ್ಕೆ ಕೂರಿಸಿ, ಒಂದು ಟೇಬಲಿನ ಬಲ್ಬು ಸರಿಮಾಡಿ, ಇನ್ನೊಂದರ ಗಿರಾಕಿಗೆ ನೀರು ತರಿಸಿ, ಹುಡುಗನೊಬ್ಬನಿಗೆ ತಟ್ಟೆ ಹಿಡಿಯುವುದು ಹೀಗೆ ಎಂದು ತೋರಿಸುತ್ತಿದ್ದರು. ಬೆನ್ನು ನೆಟ್ಟಗಾಗಿತ್ತು, ಐದು ತಿಂಗಳಿನಿಂದ ನೋಡದ ಬೆನ್ನು. ಮನೆಯಲ್ಲಿ ನಾನು ಈ ಮನುಷ್ಯನನ್ನು ಕೂರಿಸಲು ಹೋಗಿ ಮುದುಕ ಮಾಡುತ್ತಿದ್ದೆ ಎಂಬುದು ಆಗ ತಿಳಿಯಿತು. ತಿಳಿಯಿತು ನಿಜ, ಆದರೆ ಮೀನು ಆರುತ್ತಿತ್ತು. ನನಗೂ ನ್ಯಾಯ ಬೇಕಲ್ಲ.

ನಾನು ಎದ್ದು ಇವರ ಕುರ್ಚಿಯಲ್ಲಿ, ಗೋಡೆಗೆ ಬೆನ್ನು ಕೊಟ್ಟು ಕೂತೆ. ಕೂತು, ಇಡೀ ಹಾಲಿಗೆ ಕಾಣುವಂತೆ, ಕೈ ಎತ್ತಿದೆ.

ಇವರು ಒಂದೇ ಕ್ಷಣದಲ್ಲಿ ಬಂದರು. ಕೈ ಹಿಂದೆ ಕಟ್ಟಿ, ಸ್ವಲ್ಪ ಬಾಗಿ ನಿಂತ ಮೇಲೆಯೇ ಕೈ ಎತ್ತಿದವಳು ನಾನೆಂದು ನೋಡಿದ್ದು. “ಎಂತ ಬೇಕ್?” ಎಂದರು.

“ನೀವ್. ಕೂಕಣಿ.”

ಕೂತರು. ಖಾಲಿಯಿದ್ದದ್ದು ನನ್ನ ಕುರ್ಚಿ, ಹಾಲಿಗೆ ಬೆನ್ನು ಹಾಕುವ ಕುರ್ಚಿ. ಬೆನ್ನಿನ ಹಿಂದೆ ಏನಾಗುತ್ತಿದೆಯೋ ಎಂದು ಎರಡು ಸಲ ಮೈ ಕೊಡವಿದರು. ನಾನು ಹೇಳಬೇಕೆಂದಿದ್ದನ್ನು ಹೇಳಿಬಿಟ್ಟೆ. “ನಾಳೆ ‘ಬತ್ತೆ’ ಅಂದೇಳಿ. ಆರೆ ಆಯ್ತ್ವಾರ ನಂದ್.”

ಭಾನುವಾರ ಬಾರಿನಲ್ಲಿ ರಜೆ ಯಾರಿಗೆ ಸಿಗುತ್ತದೆ ಎಂದು ಅವರು ನಕ್ಕರು. ಸಿಗದಿದ್ದರೆ ಹೋಗುವುದು ಬೇಡ, ನಿಮ್ಮ ಕೈ ಅವರಿಗೆ ಬೇಕಾಗಿದೆ, ಕೇಳಿ ನೋಡಿ ಎಂದೆ. ಅವರು ಆಯಿತು ಎಂದರು. ಮರುದಿನ ಹಾಗೆಯೇ ಕೇಳಿದರು, ಸಿಕ್ಕಿತು. ನಲ್ಲಿ ನಿಲ್ಲಿಸಿ ಅಡುಗೆಮನೆಯಿಂದ ನಾನು ಎಲ್ಲವನ್ನೂ ಕೇಳಿಸಿಕೊಂಡೆ.

ಆದರೆ ಆ ಸಂಜೆ ಅದಿನ್ನೂ ಗೊತ್ತಿರಲಿಲ್ಲ. ಇವರು ಎಂದಿನಂತೆ ಐದು ನಿಮಿಷದಲ್ಲಿ ತಿಂದು ಮುಗಿಸಿದರು. ಏಳಲಿಲ್ಲ. ಪೇಪರ್ ನ್ಯಾಪ್‌ಕಿನ್ನನ್ನು ನಾಲ್ಕು ಮಡಿಕೆ ಮಾಡಿ, ಬಿಚ್ಚಿ, ಮತ್ತೆ ಮಡಿಚಿ ಕೂತರು. ಹುಡುಗರು ಮತ್ತೆ ಕೌಂಟರಿನ ಹತ್ತಿರ ಗುಂಪಾಗಿದ್ದರು. ಇವರ ಬೆನ್ನ ಹಿಂದೆ, ಬಾಗಿಲ ಹತ್ತಿರದ ಟೇಬಲಿನಲ್ಲಿ ಒಬ್ಬ ಕೈ ಎತ್ತಿದ. ಇವರಿಗೆ ಕಾಣಲಿಲ್ಲ, ನನಗೆ ಕಂಡಿತು. ಮಂಡಿ ನೋವು ಹೇಗಿದೆ ಎಂದು ಇವರು ಕೇಳಿದರು. ಪರವಾಗಿಲ್ಲ ಎಂದೆ. ಕೈ ಎತ್ತಿದವನು ಕೈ ಎತ್ತಿಕೊಂಡೇ ಇದ್ದ. ನಾನು ಮೂವತ್ತು ವರ್ಷ ಕಾದಿದ್ದೇನೆ, ಅವನು ಐದು ನಿಮಿಷ ಕಾದರೆ ಏನೂ ಆಗದು ಎಂದುಕೊಂಡು, ನಿಧಾನವಾಗಿ ಮುಳ್ಳು ಬಿಡಿಸಿ ಇನ್ನೊಂದು ತುಂಡು ಮೀನು ಬಾಯಿಗಿಟ್ಟೆ.